ನೂರು ಕಾಳಿನ ಗಂಟು

ಮಸ್ಕಿಯ ನಮ್ಮ ಮನೆಯ ನಡುಮನೆಯಲ್ಲಿ ಏಳು ಗೂಟಗಳಿದ್ದವು. ಬಾಗಿಲ ಕಡೆಯಿಂದ ಎಣಿಸಿದರೆ ಮೊದಲನೆಯದಕ್ಕೆ ಅಪ್ಪನ ರುಮಾಲು, ಎರಡನೆಯದಕ್ಕೆ ಬಾರುಕೋಲು ಮತ್ತು ಹಗ್ಗ, ಮೂರನೆಯದಕ್ಕೆ ಆಯಿಯ ವಿಭೂತಿ ಚೀಲ, ನಾಲ್ಕನೆಯದಕ್ಕೆ ನನ್ನ ಪಾಟಿಚೀಲ. ಐದನೆಯದು ಸಡಿಲವಾಗಿತ್ತು, ಅದಕ್ಕೆ ಯಾರೂ ಏನನ್ನೂ ತೂಗುಹಾಕುತ್ತಿರಲಿಲ್ಲ. ಆರು ಮತ್ತು ಏಳನೆಯ ಗೂಟಗಳಿಗೆ ವರ್ಷದ ಬಹುಪಾಲು ದಿನ ಒದ್ದೆ ಬಟ್ಟೆಯ ಗಂಟುಗಳು ನೇತಾಡುತ್ತಿದ್ದವು. ಆರನೆಯದು ಅಡುಗೆಮನೆಯ ಗಂಟು. ಉಸುಳಿ ಮಾಡಲು ಅವ್ವ ಮಡಕಿಕಾಳನ್ನೋ ಹೆಸರುಕಾಳನ್ನೋ ನೆನೆಸಿ ಮೊಳಕೆಗೆ ಕಟ್ಟಿಡುತ್ತಿದ್ದಳು. ಏಳನೆಯದು ಹೊಲದ ಗಂಟು, ಅಪ್ಪನದು. ಬಿತ್ತುವ ಮುಂಚೆ ಚೀಲದಿಂದ ಕಣ್ಣುಮುಚ್ಚಿ ಒಂದು ಹಿಡಿ ಬೀಜ ತೆಗೆದು, ಅದರಲ್ಲಿ ನೂರು ಕಾಳು ಎಣಿಸಿ, ಒದ್ದೆ ಬಟ್ಟೆಯಲ್ಲಿ ಕಟ್ಟಿ ತೂಗುಹಾಕುತ್ತಿದ್ದ. ಮೂರನೆಯ ದಿನ ಬಿಚ್ಚಿ, ನೂರರಲ್ಲಿ ಎಷ್ಟು ಮೊಳೆತಿವೆ ಎಂದು ನೋಡಿ, ಎಕರೆಗೆ ಎಷ್ಟು ಬೀಜ ಹಿಡಿಯುತ್ತದೆ ಎಂದು ತೀರ್ಮಾನಿಸುತ್ತಿದ್ದ. ಮನೆಯಲ್ಲಿ ನಾವು ನಾಲ್ಕೇ ಜನ: ಅಪ್ಪನ ತಾಯಿಯಾದ ಆಯಿ, ಅಪ್ಪ, ಅವ್ವ, ನಾನು. ಎಣಿಸುವ ಕೆಲಸ ನನಗೆ ಬಂದದ್ದು ನಾನು ಶಾಲೆಯಲ್ಲಿ ಮೂರನೆಯ ಇಯತ್ತೆಗೆ ಹೋದ ಮೇಲೆ. ಅಪ್ಪನ ಕಣ್ಣು ಹತ್ತಿರದ್ದಕ್ಕೆ ಮಂಜಾಗಿತ್ತು.

ಮೊದಲ ಸಲ ಎಣಿಸಿದಾಗ ತೊಂಬತ್ತೆಂಟು ಬಂತು. ಎರಡು ಕಾಳು ತುಸು ಉಬ್ಬಿದ್ದವು, ನಾಳೆ ಮೊಳೆತಾವು ಎಂದುಕೊಂಡು ನೂರು ಎಂದು ಹೇಳಿದೆ. ಅಪ್ಪ ಬಟ್ಟೆಯನ್ನು ತನ್ನ ಕಡೆ ಎಳೆದುಕೊಂಡು, ಬೆರಳಿನಿಂದ ತಡವಿ, ಆ ಎರಡು ಕಾಳುಗಳನ್ನು ಪಕ್ಕಕ್ಕೆ ಸರಿಸಿದ.

“ಇವಕ್ಕೇನಂತಿ?”

“ನಾಳಿ ಮೊಳಿತಾವಪ್ಪಾ.”

“ನಾಳಿ ಮಾತು ನಾಳಿ ಬರಿ. ಇವತ್ತ ಕಂಡಷ್ಟ ಬರಿ. ನೀ ಹೆಚ್ಚಿಗಿ ಬರದ್ರ ಹೊಲ ನಂಬಂಗಿಲ್ಲ ತಂಗಿ.”

ಮಗಳಾದ ನನ್ನನ್ನು ಅಪ್ಪ ಅಕ್ಕರೆಯಿಂದ ತಂಗಿ ಎನ್ನುತ್ತಿದ್ದ. ಅವತ್ತಿನಿಂದ ನಾನು ಲೆಕ್ಕದ ಒಂದು ವಹಿಯನ್ನು ಇಟ್ಟುಕೊಂಡೆ. ಬೀಜದ ಲೆಕ್ಕ ಮುಗಿದ ಮೇಲೂ ಬರೆಯುವ ಚಟ ಉಳಿಯಿತು. ಎಮ್ಮೆ ಎಷ್ಟು ಹಾಲು ಕೊಟ್ಟಿತು, ಕಾಲುವೆಗೆ ನೀರು ಬಿಟ್ಟು ಎಷ್ಟು ದಿನವಾಯಿತು, ಯಾರು ಮನೆಗೆ ಬಂದರು, ಎಷ್ಟು ರೊಟ್ಟಿ ಹತ್ತಿದವು, ಎಲ್ಲವನ್ನೂ ಗೆರೆ ಹೊಡೆದು ಬರೆಯುತ್ತಿದ್ದೆ. ಕೊನೆಯ ಅಂಕಣಕ್ಕೆ ‘ಷರಾ’ ಎಂದು ಹೆಸರಿಟ್ಟಿದ್ದೆ. ಆ ಶಬ್ದವನ್ನು ಪಟವಾರಿಯ ಕಾಗದದಲ್ಲಿ ನೋಡಿದ್ದೆ. ಬೇರೆಲ್ಲೂ ಹೊಂದದ ಮಾತನ್ನು ಅಲ್ಲಿ ಬರೆಯಬಹುದು ಎಂದು ಅಪ್ಪ ಹೇಳಿದ್ದ.

ಎಣಿಕೆ ಮುಗಿದ ಕಾಳುಗಳ ವಿಷಯದಲ್ಲಿ ಆಯಿಯದು ಒಂದು ನೇಮವಿತ್ತು. ಮೊಳೆತ ಕಾಳನ್ನು ಚೆಲ್ಲುವುದೆಂದರೆ ಬೆಳೆಯನ್ನು ಚೆಲ್ಲಿದ ಹಾಗೆ. ಎಣಿಸಿದ ನೂರು ಕಾಳು ನೇರ ಅಡುಗೆಮನೆಗೆ ಹೋಗಬೇಕು, ಆರನೆಯ ಗೂಟದ ಗಂಟಿನೊಡನೆ ಕೂಡಿ ಆ ದಿನದ ಗಡಿಗೆಗೆ ಬೀಳಬೇಕು. “ಎಣಿಸಿದ ಕಾಳು ಒಲಿಗೆ” ಎಂದು ಆಯಿ ಅಷ್ಟೇ ಹೇಳುತ್ತಿದ್ದಳು. ಜೋಳವಾದರೆ ಅಂಬಲಿಗೆ, ಹೆಸರಾದರೆ ಉಸುಳಿಗೆ. ನನಗೆ ಗೊತ್ತಿರುವ ಹಾಗೆ ಈ ನೇಮ ಒಮ್ಮೆಯೂ ತಪ್ಪಿರಲಿಲ್ಲ.

ಅದು ಕಾಲುವೆಯ ನೀರು ನಮ್ಮ ಹೊಲಕ್ಕೆ ಮುಟ್ಟಿದ ಆರಂಭದ ವರ್ಷಗಳ ಮಾತು. ಸಿಂಧನೂರಿನ ದಾರಿಗೆ ಹೊಂದಿದ್ದ ನಮ್ಮ ಎರೆಹೊಲಕ್ಕೆ ತೂಬಿನಿಂದ ಒಂದು ಸಣ್ಣ ಕಾಲುವೆ ತೋಡಿದ್ದರು. ಅದರ ಬದಿಯ ಹಸಿ ಮಣ್ಣಿನಲ್ಲಿ ಅವ್ವ ಸೌತೆ, ಗಜ್ಜರಿ, ಕೊತ್ತಂಬರಿ ಹಾಕಿದಳು. ಅದಕ್ಕೂ ಮೊದಲು ಕಾಯಿಪಲ್ಲೆ ಎಂದರೆ ಸಂತೆಯಿಂದ ಬಂದದ್ದು, ಎರಡು ದಿನದಲ್ಲಿ ಮುಗಿಯುವಂಥದ್ದು. ಉಳಿದ ದಿನ ಪುಂಡಿಪಲ್ಯ, ಬೇಳೆ, ಖಾರಬ್ಯಾಳಿ. ಗಜ್ಜರಿಯನ್ನು ಮನೆಯ ಮುಂದೆ ರಾಶಿ ಹಾಕಿದ ದಿನ ಓಣಿಯವರು ಬಂದು ನೋಡಿ ಹೋದದ್ದು ವಹಿಯಲ್ಲಿದೆ: ಒಂಬತ್ತು ಜನ.

ಆ ಚಳಿಗಾಲದ ಕೊನೆಗೆ ಆಯಿಗೆ ಕಾಮಣಿಯಾಯಿತು. ಕಣ್ಣು ಹಳದಿ, ಉಗುರು ಹಳದಿ. ರೊಟ್ಟಿಯ ವಾಸನೆ ಬಂದರೆ ಮುಖ ತಿರುಗಿಸುತ್ತಿದ್ದಳು. ಎಲೆಯ ಔಷಧಿಯನ್ನು ಮೂರು ಮುಂಜಾನೆ ಕೊಟ್ಟದ್ದಾಯಿತು. ಹಳದಿ ಇಳಿಯಿತು, ಶಕ್ತಿ ಮಾತ್ರ ಬರಲಿಲ್ಲ. ಆಗ ಅವ್ವ ತನ್ನ ತವರಿನ ಲಿಂಗಸುಗೂರಿನಿಂದ ಪಂಡಿತರನ್ನು ಕರೆಸಿದಳು. ಅವರು ನಾಡಿ ಹಿಡಿದು ನೋಡಿ, ನಲವತ್ತೆಂಟು ದಿನ ಎಣ್ಣೆ, ಖಾರ ಮುಟ್ಟಬಾರದು, ದಿನವೂ ಬೆಳಿಗ್ಗೆ ಮೊಳೆತ ಹೆಸರಿನ ಹಾಲಿಗೆ ಸೌತೆ ಮತ್ತು ಗಜ್ಜರಿಯ ರಸ ಕೂಡಿಸಿ ಕುಡಿಸಬೇಕು ಎಂದರು. ಬೇಯಿಸಬಾರದು, ಹಸಿಯದೇ ಆಗಬೇಕು.

“ಲಿಂಗಸೂರಾಗ ಮಂದಿ ಹಸಿ ಮೇವು ತಿಂತಾರೇನು?” ಎಂದು ಆಯಿ ಪಂಡಿತರು ಬಸ್ಸಿಗೆ ಹೋದ ಮೇಲೆ ಕೇಳಿದಳು.

ಅವ್ವನನ್ನು ಅವಳು ಹೆಸರು ಹಿಡಿದು ಕರೆಯುವುದು ಅಪರೂಪ. ಮದುವೆಯಾಗಿ ಹದಿಮೂರು ವರ್ಷವಾದರೂ ‘ಲಿಂಗಸೂರಿನಾಕಿ’ ಎಂದೇ ಅನ್ನುತ್ತಿದ್ದಳು. ಅವ್ವ ಗೋಡೆಯ ಕಡೆ ನೋಡುತ್ತ ಹೇಳಿದಳು:

“ಔಷಧ ಅಂತ ಕುಡೀರಿ ಅತ್ತಿ. ಮೇವು ಅಂತ ಯಾಕ ತಿಳಕೋತೀರಿ?”

“ಔಷಧ ಇದ್ರ ಶೀಸೆದಾಗ ಬರತೈತಿ. ಇದು ಗ್ವಾದಲಿಯಾಗಿಂದು.”

ಆದರೂ ಕುಡಿದಳು. ಅಪ್ಪ ಎದುರಿಗೆ ನಿಂತಿದ್ದ ಎಂಬುದು ಒಂದು ಕಾರಣ. ಎದ್ದು ತಿರುಗಾಡುವ ಆಸೆ ಇನ್ನೊಂದು.

ಆ ರಸ ಮಾಡುವ ಬಗೆ ಹೀಗೆ. ಮುಂಜಾನೆ ಒಂದು ಬಟ್ಟಲು ಹೆಸರನ್ನು ನೀರಿಗೆ ಹಾಕಿ, ಸಂಜೆ ಸೋಸಿ ಗಂಟು ಕಟ್ಟಿ, ಮರುದಿನವೆಲ್ಲ ನೇತುಹಾಕಿ, ಅದರ ಮರುದಿನ ಬೆಳಿಗ್ಗೆ ಬಿಚ್ಚಬೇಕು. ಹಾಗಾಗಿ ಆರನೆಯ ಗೂಟಕ್ಕೆ ಈಗ ದಿನಾ ಬೆಳಗಿಗೆ ಎರಡು ಗಂಟು, ಮೊನ್ನೆ ನೆನೆಸಿದ್ದು ಮತ್ತು ನಿನ್ನೆ ನೆನೆಸಿದ್ದು. ಕಟ್ಟುವುದು, ನೀರು ಚಿಮುಕಿಸುವುದು, ಬಿಚ್ಚುವುದು ನನ್ನ ಕೆಲಸ. ಮೊಳಕೆ ಅಕ್ಕಿಕಾಳಿನಷ್ಟು ಉದ್ದ ಬಂದಿದ್ದರೆ ಹಾಲು ಸಿಹಿ. ಬೆರಳಿನ ಗೆಣ್ಣಿನಷ್ಟು ಬೆಳೆದರೆ ಕಹಿ. ಬಿಚ್ಚಿದ ಕಾಳನ್ನು ನಾನು ರುಬ್ಬುವ ಒಳ್ಳಿಗೆ ಹಾಕಿದರೆ ಅವ್ವ ಕುಳಿತು ಗುಂಡು ತಿರುಗಿಸುತ್ತಿದ್ದಳು. ಸಿಪ್ಪೆ ಬಿಟ್ಟು ತಿರುಳೆಲ್ಲ ಬೆಣ್ಣೆಯಂತಾಗುವವರೆಗೆ, ನಡುನಡುವೆ ಚಮಚದಷ್ಟು ನೀರು ಬಿಡುತ್ತ ತಿರುಗಿಸಬೇಕು. ಅದನ್ನು ಹಳೆಯ ಧೋತರದ ತುಂಡಿನಲ್ಲಿ ಹಾಕಿ ಹಿಂಡಿದರೆ ತೆಳು ಹಸಿರು ಹಾಲು ಇಳಿಯುತ್ತಿತ್ತು. ಗಜ್ಜರಿ ತುರಿಯಲು ನಮ್ಮಲ್ಲಿ ಏನೂ ಇರಲಿಲ್ಲ. ಅಪ್ಪ ಎಣ್ಣೆ ಡಬ್ಬಿಯ ತಗಡನ್ನು ಬಡಿದು ಸಪಾಟು ಮಾಡಿ, ಮೊಳೆಯಿಂದ ತೂತು ಹೊಡೆದುಕೊಟ್ಟಿದ್ದ. ಅದರ ಒರಟು ಬದಿಗೆ ಗಜ್ಜರಿ, ಸೌತೆ ಉಜ್ಜಿ, ಅದನ್ನೂ ಹಿಂಡಿ, ಎರಡೂ ಕೂಡಿಸಿ, ಚಿಟಿಕೆ ಜೀರಿಗೆ ಪುಡಿ, ಬೆಲ್ಲ. ಮೇಲೆ ನಾಲ್ಕು ಹನಿ ಲಿಂಬೆ. ಹಿಂಡಿ ಉಳಿದ ಗಷ್ಟು ಎಮ್ಮೆಗೆ. ಅವ್ವನ ಬೆರಳ ತುದಿಯ ಚರ್ಮ ಆ ತಗಡಿಗೆ ಸಿಕ್ಕು ಹರಿಯುತ್ತಿತ್ತು; ಅರಿಷಿಣ ಮೆತ್ತಿಕೊಂಡು ರೊಟ್ಟಿಗೆ ಕೂಡುತ್ತಿದ್ದಳು.

ನನ್ನ ವಹಿಯಲ್ಲಿ ಇದಕ್ಕಾಗಿ ಹೊಸ ಹಾಳೆಗಳನ್ನು ತೆರೆದೆ. ದಿನ ಒಂದು, ದಿನ ಎರಡು, ಹೀಗೆ ನಲವತ್ತೆಂಟರವರೆಗೆ ಮೊದಲೇ ಗೆರೆ ಹೊಡೆದಿಟ್ಟೆ. ಅಂಕಣಗಳು: ದಿನ, ನೂರಕ್ಕೆ ಎಷ್ಟು ಮೊಳೆತವು, ಗಜ್ಜರಿ ಎಷ್ಟು, ಸೌತೆ ಎಷ್ಟು, ಒಟ್ಟು ರಸ ಎಷ್ಟು ಲೋಟ, ಆಯಿ ಕುಡಿದದ್ದೆಷ್ಟು, ಉಳಿದದ್ದೆಷ್ಟು, ಷರಾ. ಷರಾದಲ್ಲಿ ಆಯಿ ಅಂದದ್ದನ್ನು ಬರೆಯುತ್ತಿದ್ದೆ. ದಿನ ಎರಡು: ‘ಎಮ್ಮಿ ಯಾಕ ಸುಮ್ಮ ಇರತೈತಿ ಅಂತ ಈಗ ತಿಳೀತು.’ ದಿನ ಐದು: ‘ಬೆಲ್ಲ ಕಳ್ಳತನ ಆಗೈತಿ.’ ದಿನ ಒಂಬತ್ತು: ಏನೂ ಅನ್ನಲಿಲ್ಲ, ಪೂರ್ತಿ ಕುಡಿದಳು. ದಿನ ಹದಿನೈದು: ಗೋಡೆ ಹಿಡಿದು ಬಚ್ಚಲಿಗೆ ತಾನೇ ಹೋದಳು. ದಿನ ಹತ್ತೊಂಬತ್ತು: ಅಂಗಳಕ್ಕೆ ಬಂದು, ನೆರಳು ಎಲ್ಲಿಗೆ ಬಂದಿದೆ ನೋಡಿ, ರೊಟ್ಟಿ ತಡವಾಯಿತೆಂದು ಅವ್ವನಿಗೆ ಬೈದಳು. ಅವ್ವ ಅಡುಗೆಮನೆಗೆ ಬಂದು ನನ್ನ ಕಡೆ ನೋಡಿ, “ಬೈಯಾಕ ಶಕ್ತಿ ಬಂತು ನೋಡು” ಎಂದಳು. ಅದನ್ನೂ ಬರೆದುಕೊಂಡೆ.

ಕಾಲುವೆಯ ನೀರಿದೆ ಎಂದು ಅಪ್ಪ ಆ ವರ್ಷ ಬೇಸಿಗೆಯಲ್ಲೂ ಹೆಸರು ಬಿತ್ತಲು ನಿಶ್ಚಯಿಸಿದ್ದ. ಬೀಜವನ್ನು ಮನೆಯ ಕಣಜದಿಂದ ತೆಗೆಯದೆ ಸಿಂಧನೂರಿನಿಂದ ಹೊಸ ತಳಿಯದನ್ನು ತಂದ. ಹೊಲಿದ ಬಾಯಿಯ ಚೀಲ, ಅದನ್ನು ಪಡಸಾಲೆಯ ಮೂಲೆಗೆ ಇಟ್ಟು, ಎಂದಿನಂತೆ ನೂರು ಕಾಳು ಎಣಿಸಿ, ಅವ್ವನ ಹಳೆಯ ಕೆಂಪು ಸೀರೆಯ ತುಂಡಿನಲ್ಲಿ ಕಟ್ಟಿ ಏಳನೆಯ ಗೂಟಕ್ಕೆ ಹಾಕಿದ. ಮೂರನೆಯ ದಿನ ಬೆಳಕು ಹರಿಯುವ ಮೊದಲೇ ತೂಬಿನ ಸರದಿ ಬಂದು ಹೊಲಕ್ಕೆ ಹೋಗುತ್ತ, “ನೀಲಾ, ಗಂಟು ಬಿಚ್ಚಿ ಎಣಿಸಿ ಬರದಿಡು” ಎಂದಷ್ಟೇ ಹೇಳಿದ.

ಅದು ಆಯಿಯ ರಸದ ಇಪ್ಪತ್ಮೂರನೆಯ ದಿನ. ಆರನೆಯ ಗೂಟದ ಗಂಟು ಬಿಚ್ಚಿದರೆ ಕಾಳಿಗೆ ಹುಳ ಬಿದ್ದಿತ್ತು. ನೂರಕ್ಕೆ ಅರವತ್ತೊಂದು. ಉಳಿದವು ಮೆತ್ತಗಾಗಿ ನಾರುತ್ತಿದ್ದವು, ಆರಿಸಿ ತೆಗೆದೆ. ಬಟ್ಟಲು ಅರ್ಧಕ್ಕೂ ತುಸು ಹೆಚ್ಚು ತುಂಬಿತು. ಅಪ್ಪನ ಗಂಟು ಬಿಚ್ಚಿದೆ. ಅಷ್ಟು ಚೆಂದದ ಮೊಳಕೆಯನ್ನು ನಾನು ಅದುವರೆಗೆ ಕಂಡಿರಲಿಲ್ಲ. ಎಲ್ಲವೂ ಒಂದೇ ಅಳತೆ. ನೂರಕ್ಕೆ ತೊಂಬತ್ತಾರು. ಕಾಳಿನ ಮೇಲೆ ಕೆಂಪು ಛಾಯೆಯಿತ್ತು. ಸೀರೆಯ ತುಂಡು ಬಣ್ಣ ಬಿಟ್ಟಿದೆ ಎಂದು ತಿಳಿದು ಎರಡು ಸಲ ನೀರಿನಲ್ಲಿ ತೊಳೆದೆ. ಎಣಿಸಿದ ಕಾಳು ಒಲೆಗೆ. ಈಗ ಮನೆಯಲ್ಲಿ ಹೆಸರು ಒಲೆಗೆ ಹೋಗುತ್ತಿರಲಿಲ್ಲ, ಒಳ್ಳಿಗೆ ಹೋಗುತ್ತಿತ್ತು. ಅವ್ವ ನೀರು ತರಲು ಹೋಗಿದ್ದಳು. ನಾನು ಎರಡನ್ನೂ ಒಳ್ಳಿಗೆ ಹಾಕಿ, ವಹಿಯಲ್ಲಿ ಬರೆದು, ಶಾಲೆಗೆ ಜಡೆ ಹೆಣೆದುಕೊಳ್ಳುತ್ತ ಕುಳಿತೆ. ಅವ್ವ ಬಂದು ರುಬ್ಬಿ, ಸೋಸಿ, ಲೋಟ ತುಂಬಿ ಕೊಟ್ಟಳು.

ಆಯಿ ಅರ್ಧ ಕುಡಿದು ಲೋಟ ಕೆಳಗಿಟ್ಟಳು.

“ಇವತ್ತ ಕಬ್ಬಿಣ ಚೀಪಿದಂಗ ಐತಿ.”

ಅದನ್ನು ಷರಾದಲ್ಲಿ ಬರೆದು ಶಾಲೆಗೆ ಹೋದೆ.

ಮಧ್ಯಾಹ್ನ ಬಂದಾಗ ಮನೆಯ ಮುಂದೆ ಜನರಿದ್ದರು. ಆಯಿಗೆ ಬೆಳಿಗ್ಗೆಯಿಂದ ವಾಂತಿ, ಹೊಟ್ಟೆ ಕೆಟ್ಟು ಏಳಲಾಗದಂತಾಗಿತ್ತು. ಬಾಯೊಳಗೆ ಉರಿ ಎನ್ನುತ್ತಿದ್ದಳು. ದವಾಖಾನೆಯ ಡಾಕ್ಟರು ಬಂದಿದ್ದರು. ಏನು ಕೊಟ್ಟಿರಿ ಎಂದು ಕೇಳಿದ್ದಕ್ಕೆ ಅವ್ವ ಇದ್ದದ್ದನ್ನು ಹೇಳಿದಳು: ಮೊಳೆತ ಹೆಸರು, ಗಜ್ಜರಿ, ಸೌತೆ. ಹಸಿಯದೇ ಎಂದು ಕೇಳಿ ಡಾಕ್ಟರು ಸಿಟ್ಟಾದರು. ಕಾಲುವೆಯ ನೀರಿನಲ್ಲಿ ಬೆಳೆದದ್ದನ್ನು ಬೇಯಿಸದೆ ಕೊಟ್ಟರೆ ಇನ್ನೇನಾಗುತ್ತದೆ ಎಂದು, ಹಾಲು ಕುಡಿಸಲು ಹೇಳಿ, ಔಷಧ ಕೊಟ್ಟು ಹೋದರು. ಸಂಜೆಯ ಹೊತ್ತಿಗೆ ವಾಂತಿ ನಿಂತಿತು. ಎರಡು ಮನೆ ಆಚೆ ಇದ್ದ ಅಪ್ಪನ ಅಕ್ಕ ಗೌರತ್ತಿ ಬಂದು ಆಯಿಯ ತಲೆಯ ಹತ್ತಿರ ಕುಳಿತಿದ್ದಳು. ಅವ್ವ ಹಾಲಿನ ಬಟ್ಟಲು ಹಿಡಿದು ಬಂದಾಗ ಆಯಿ ಕಣ್ಣು ತೆರೆಯದೆಯೇ ಹೇಳಿದಳು:

“ಅದನ್ನ ಗೌರಿ ಕೈಯಾಗ ಕೊಡು. ಇನ್ನ ಈಕಿ ಕೈಯಾಗಿಂದು ನನಗ ನೀರೂ ಬ್ಯಾಡ.”

ಗೌರತ್ತಿ ಬಟ್ಟಲು ಇಸಿದುಕೊಂಡಳು. ಅವ್ವ ಬಚ್ಚಲ ಕಡೆ ಹೋದಳು. ಅಲ್ಲಿ ಅವಳು ಗೋಡೆ ಹಿಡಿದು ಬಗ್ಗಿ ವಾಂತಿ ಮಾಡುವುದನ್ನು ನಾನು ನೋಡಿದೆ. ಆಯಿಯ ಮಾತಿಗೆ ಹೀಗಾಗಿರಬೇಕು ಎಂದುಕೊಂಡೆ. ಬರೆದುಕೊಳ್ಳಲಿಲ್ಲ.

ಅಪ್ಪ ಬಂದವನು ಆಯಿಯ ಹತ್ತಿರ ಬಹಳ ಹೊತ್ತು ಕುಳಿತ. ಎದ್ದು ರುಮಾಲು ಗೂಟಕ್ಕೆ ಹಾಕುವಾಗ ಏಳನೆಯ ಗೂಟ ಖಾಲಿ ಇರುವುದು ಕಂಡಿತು.

“ನೀಲಾ, ಗಂಟೆಲ್ಲಿ?”

“ಎಣಿಸಿ ಬರದೀನಪ್ಪಾ. ತೊಂಬತ್ತಾರು.”

“ಕಾಳೆಲ್ಲಿ?”

“ಒಳ್ಳಾಗ ಹಾಕಿದೆ. ನಮ್ಮ ಗಂಟಿಗೆ ಹುಳ ಬಿದ್ದಿತ್ತು.”

ಅಪ್ಪ ನನ್ನ ರಟ್ಟೆ ಹಿಡಿದು ದನದ ಕೊಟ್ಟಿಗೆಗೆ ಕರೆದುಕೊಂಡು ಹೋದ. ಮೇವು ಹಾಕುವ ಗ್ವಾದಲಿಯ ಮೇಲೆ ಕುಳಿತ. ಹೊಸ ಬೀಜಕ್ಕೆ ಹುಳ ಹತ್ತದಿರಲೆಂದು ಅವರು ಮೊದಲೇ ಔಷಧ ಹಚ್ಚಿ ಕೊಡುತ್ತಾರೆ, ಕೆಂಪು ಪುಡಿ, ಅದು ವಿಷ, ತಿನ್ನಬಾರದು ಎಂದು ಅಲ್ಲಿ ಹೇಳಿದ್ದರು ಎಂದ. ಮನೆಯ ಬೀಜಕ್ಕೆ ಎಂದೂ ಏನೂ ಹಚ್ಚಿರಲಿಲ್ಲವಾದ್ದರಿಂದ ಎಣಿಸಿದ ಕಾಳು ಎಲ್ಲಿಗೆ ಹೋಗುತ್ತದೆ ಎಂಬುದು ಅವನ ತಲೆಗೆ ಹೊಳೆದಿರಲಿಲ್ಲ. ಅಪ್ಪ ಆಗಲೇ ಎದ್ದು ದವಾಖಾನೆಗೆ ಹೋಗಿ ಡಾಕ್ಟರಿಗೆ ಎಲ್ಲ ಹೇಳಿ ಬಂದ. ನೂರೇ ಕಾಳು, ತೊಳೆದದ್ದು, ಅದರಲ್ಲೂ ಅರ್ಧ ರಸ. ಹಾಲು ಕುಡಿಸುತ್ತ ಇರಿ, ಜೀವಕ್ಕೆ ಭಯವಿಲ್ಲ ಎಂದರಂತೆ. ಇದನ್ನು ಅಪ್ಪ ನನಗೊಬ್ಬಳಿಗೇ ಹೇಳಿದ.

“ಆಯಿಗೆ ಹೇಳಬೇಕಲ್ಲಪ್ಪಾ.”

“ಬ್ಯಾಡ. ಹಡದ ತಾಯಿಗೆ ಮಗಾ ಇಷ ಹಾಕ್ಯಾನ ಅಂತ ಆಗತೈತಿ. ಆಕಿ ಮೊದಲ ಏಳಲಿ.”

“ಆಯಿ ಅವ್ವನ್ನ ಬೈಯಾಕತ್ಯಾಳ.”

“ನಾಕು ದಿನ ಬೈತಾಳ, ಬಿಡತಾಳ. ನಿಮ್ಮವ್ವಗ ರೂಢಿ ಐತಿ.” ಹೋಗುತ್ತ ತಿರುಗಿ, “ಆ ಹಾಳಿ ಹರದು ಒಗದುಬಿಡು ತಂಗಿ” ಎಂದ.

ಹಾಳೆಯನ್ನು ಹರಿಯಲು ನನಗೆ ಆಗಲಿಲ್ಲ. ಧೈರ್ಯದಿಂದಲ್ಲ. ಇಪ್ಪತ್ಮೂರನೆಯ ದಿನದ ಹಾಳೆ ಹರಿದರೆ ಅದರ ಹಿಂದಿನ ಮಗ್ಗುಲಲ್ಲಿದ್ದ ಹನ್ನೆರಡರಿಂದ ಇಪ್ಪತ್ತೆರಡರವರೆಗಿನ ದಿನಗಳೂ ಹೋಗುತ್ತಿದ್ದವು. ಹಾಗೆಂದು ಅವತ್ತು ನನಗೆ ನಾನೇ ಹೇಳಿಕೊಂಡೆ. ಇಪ್ಪತ್ನಾಲ್ಕು, ಇಪ್ಪತ್ತೈದು, ಇಪ್ಪತ್ತಾರು, ಇಪ್ಪತ್ತೇಳನೆಯ ಮನೆಗಳನ್ನು ಖಾಲಿ ಬಿಟ್ಟೆ. ಗೌರತ್ತಿ ಬಂದು ಗಂಜಿ ಮಾಡಿ ಆಯಿಗೆ ಕುಡಿಸಿ ಹೋಗುತ್ತಿದ್ದಳು. ಅವ್ವ ಒಲೆಯನ್ನು ಮುಟ್ಟಬಾರದೆಂದು ಆಯಿ ಹೇಳಿದ್ದರಿಂದ ಅವಳು ಅಂಗಳದಲ್ಲಿ ಮೂರು ಕಲ್ಲಿಟ್ಟು ನಮಗೆ ರೊಟ್ಟಿ ಬಡಿದಳು. ಬಿಸಿಲಿನಲ್ಲಿ, ಓಣಿಗೆ ಕಾಣುವ ಹಾಗೆ. ದಾರಿಯಲ್ಲಿ ಹೋಗುವವರು ಹೋಗುವ ವೇಗ ಕಡಿಮೆ ಮಾಡಿ ನೋಡುತ್ತಿದ್ದರು. ಅಪ್ಪ ಪಡಸಾಲೆಯಲ್ಲಿ ಕುಳಿತು ಆ ರೊಟ್ಟಿ ತಿನ್ನುತ್ತಿದ್ದ, ತಲೆ ಎತ್ತುತ್ತಿರಲಿಲ್ಲ. ನಾನು ಅವನೆದುರು ಕುಳಿತು ತಿನ್ನುವುದನ್ನು ಬಿಟ್ಟೆ.

ಐದನೆಯ ದಿನ ಲಿಂಗಸುಗೂರಿನಿಂದ ಮಾವ ಬಂದ. ಆಯಿಯೇ ಹೇಳಿ ಕಳಿಸಿದ್ದಳು. ಅವ್ವನ ಅಣ್ಣ, ಹೆಚ್ಚು ಮಾತಿನವನಲ್ಲ. ಪಡಸಾಲೆಯ ಕಂಬಳಿಯ ಮೇಲೆ ಕುಳಿತು ನೀರು ಕುಡಿದ. ಆಯಿ ಅಷ್ಟರಲ್ಲಿ ಎದ್ದು ಕೂಡುವಷ್ಟಾಗಿದ್ದಳು. ಹೊರಸಿನ ಮೇಲೆ ಗೋಡೆಗೊರಗಿ ಕುಳಿತೇ ಹೇಳಿದಳು:

“ನಿನ್ನ ತಂಗಿನ್ನ ಸ್ವಲ್ಪ ದಿನ ಕರಕೊಂಡ ಹೋಗಪ್ಪಾ. ನಿಮ್ಮ ಪಂಡಿತರ ಕೂಡ ಇದ್ದು ಇನ್ನಷ್ಟು ಕಲ್ತು ಬರಲಿ. ಪ್ರಯೋಗಕ್ಕ ಇಲ್ಲೊಂದು ಮುದಕಿ ಇತ್ತು, ಬದುಕ್ಯಾಳ ಅಂತ ಹೇಳು.”

ಮಾವ ಅಪ್ಪನ ಕಡೆ ನೋಡಿದ. ಅಪ್ಪ ರುಮಾಲು ಬಿಚ್ಚಿ ಮತ್ತೆ ಸುತ್ತತೊಡಗಿದ. ಅವ್ವ ಆಗಲೇ ಎರಡು ಸೀರೆ ಗಂಟು ಕಟ್ಟಿ ಬಾಗಿಲ ಹತ್ತಿರ ಇಟ್ಟಿದ್ದಳು. “ನೀಲಾ ಸಾಲಿಗೆ ಹೋಗ್ಲಿ, ಆಕಿ ಇಲ್ಲೇ ಇರಲಿ” ಎಂದು ಯಾರಿಗೋ ಹೇಳಿದಳು. ಆಗ ನಾನು ನಾಲ್ಕನೆಯ ಗೂಟದಿಂದ ಚೀಲ ತೆಗೆದು ವಹಿಯನ್ನು ಹೊರತೆಗೆದೆ. ಏನು ಹೇಳಬೇಕೆಂದು ಯೋಚಿಸಿರಲಿಲ್ಲ, ಬರೆದದ್ದನ್ನು ಓದಿದೆ ಅಷ್ಟೇ. ಶಾಲೆಯಲ್ಲಿ ಪಾಠ ಓದುವ ಹಾಗೆ, ಒಂದೇ ಧ್ವನಿಯಲ್ಲಿ.

“ದಿನ ಇಪ್ಪತ್ಮೂರು. ನಮ್ಮ ಗಂಟು, ನೂರಕ್ಕೆ ಅರವತ್ತೊಂದು. ಹುಳ ಬಿದ್ದಿವೆ. ಅಪ್ಪನ ಗಂಟು, ನೂರಕ್ಕೆ ತೊಂಬತ್ತಾರು. ಅಪ್ಪನ ಗಂಟಿನ ನೂರು ಕಾಳು ಕೂಡಿಸಿದೆ. ಎರಡು ಸಲ ತೊಳೆದೆ. ಗಜ್ಜರಿ ಮೂರು, ಸೌತೆ ಒಂದು. ರಸ ಒಂದು ಲೋಟ. ಆಯಿ ಕುಡಿದದ್ದು ಅರ್ಧ. ಉಳಿದದ್ದು ಅರ್ಧ. ಷರಾ: ಕಬ್ಬಿಣ ಚೀಪಿದಂಗ ಐತಿ.”

ಗೌರತ್ತಿಗೆ ತಿಳಿಯಲಿಲ್ಲ. “ಏನಾತೀಗ? ಕಾಳಿನಾಗ ಕಾಳು ಕೂಡೀತು” ಎಂದಳು.

ಆಯಿ ಅಪ್ಪನ ಮುಖ ನೋಡುತ್ತಿದ್ದಳು. “ಈರಣ್ಣಾ” ಎಂದಳು.

“ಹೌದಬೇ. ಆ ಬೀಜಕ್ಕ ಇಷ ಹಚ್ಚಿತ್ತು. ಕೂಸಿಗೆ ಹೇಳೂದು ಮರತೆ.”

“ಯಾವಾಗ ನೆನಪಾತು?”

“ಅವತ್ತ ಸಂಜಿಗೆ.”

“ಮತ್ತ ಈ ಐದು ದಿನ?”

“ಐದು ದಿನ ಮರೀಲಿಲ್ಲ. ಹೇಳ್ಲಿಲ್ಲ.”

ಆಯಿ ನನ್ನ ಕಡೆ ಕೈ ಮಾಡಿದಳು.

“ಉಳದ ಅರ್ಧ ಎಲ್ಲಿ ಹೋತು? ಓದು.”

ನಾನು ನೋಡಿದೆ. “ಅದನ್ನ ಬರದಿಲ್ಲ ಆಯಿ.”

“ನಾ ಕುಡದೆ” ಎಂದಳು ಅವ್ವ ಬಾಗಿಲ ಹತ್ತಿರದಿಂದ. “ಲಿಂಬಿ, ಬೆಲ್ಲ ಹಾಕಿದ್ದು, ಯಾಕ ಚೆಲ್ಲೂದು ಅಂತ.”

“ನಿನಗೇನೂ ಆಗಲಿಲ್ಲೇನು?”

“ಆತ್ರಿ.”

“ವಾಂತಿ?”

“ಅದೂ ಆತು.”

“ಬಾಯಿ ಬಿಟ್ಟು ಹೇಳಾಕ ಏನಾಗಿತ್ತು ನಿನಗ?”

“ನಿಮ್ಮ ಅರಿವಿ ತೊಳೆಯೂದಿತ್ತು, ರೊಟ್ಟಿ ಬಡಿಯೂದಿತ್ತು. ಯಾರಿಗೆ ಹೇಳ್ಲಿರಿ?”

ಆಯಿ ಸೆರಗಿನಿಂದ ಬಾಯಿ ಒರೆಸಿಕೊಂಡಳು. ಮಾವನಿಗೆ, ಊಟ ಮಾಡಿ ಒಬ್ಬನೇ ಹೋಗು ಎಂದಳು. ಅಪ್ಪನಿಗೆ ಹೇಳಿದ್ದು ಹೀಗೆ:

“ಎಣಿಸಿದ ಕಾಳು ಒಲಿಗೆ ಅಂತ ಕಲಿಸಿದಾಕಿ ನಾನು. ಆ ತಪ್ಪು ನಂದೂ ಐತಿ, ಕೂಸಿಂದಲ್ಲ. ಆದ್ರ ಇಷ್ಟು ದಿನ ಈಕಿ ಅಂಗಳದಾಗ ರೊಟ್ಟಿ ಬಡದಳು, ನೀ ನೋಡಕೋತ ತಿಂದಿ. ಅದು ನಿಂದ ಒಬ್ಬಂದ. ಪಂಡಿತರು ನಲವತ್ತೆಂಟು ದಿನ ಅಂದಾರ. ಇನ್ನ ಎಷ್ಟು ಉಳದಾವ ನೀಲಾ?”

“ನೀ ಕುಡದದ್ದು ಇಪ್ಪತ್ಮೂರು. ಉಳದದ್ದು ಇಪ್ಪತ್ತೈದು, ಆಯಿ.”

“ಇಪ್ಪತ್ತೈದು ದಿನ ನೀ ರುಬ್ಬು. ನಾ ಕುಡೀತೀನಿ.”

ನಮ್ಮ ಓಣಿಯಲ್ಲಿ ಗಂಡಸು ಒಳ್ಳಿನ ಮುಂದೆ ಕುಳಿತದ್ದನ್ನು ಯಾರೂ ಕಂಡಿರಲಿಲ್ಲ. ಕಣಜದ ಹೆಸರು ಮೊಳೆಯುವವರೆಗೆ ಎರಡು ದಿನ ತಡೆದು, ಮೂರನೆಯ ಬೆಳಿಗ್ಗೆ ಅಪ್ಪ ಕುಳಿತ. ಕಾಲು ಎಲ್ಲಿ ಚಾಚಬೇಕು ಎಂದೇ ಅವನಿಗೆ ತಿಳಿಯಲಿಲ್ಲ. ನೇಗಿಲು ಒತ್ತುವ ಹಾಗೆ ಗುಂಡನ್ನು ಒತ್ತಿದ. ಕಾಳು ಸಿಡಿದು ಗೋಡೆಗೆ ಹತ್ತಿದವು. ಅವ್ವ ಬಾಗಿಲ ಚೌಕಟ್ಟಿಗೆ ಒರಗಿ ನಿಂತು ನೋಡಿದಳು. ಬೆಳಗಿನ ಹೊತ್ತಿನಲ್ಲಿ ಅವಳು ಏನೂ ಮಾಡದೆ ನಿಂತದ್ದನ್ನು ನಾನು ನೋಡಿದ್ದು ಅದೇ ಮೊದಲು. “ಒತ್ತಬ್ಯಾಡ್ರಿ, ತಿರುಗಸ್ರಿ. ತಾನ ಸಣ್ಣಾಗತೈತಿ” ಎಂದು ಒಮ್ಮೆ ಹೇಳಿದಳು. ನೀರಿಗೆ ಹೊರಟಿದ್ದ ಪಕ್ಕದ ಮನೆಯ ಸಂಗವ್ವ ಬಾಗಿಲಲ್ಲಿ ಇಣುಕಿ, “ಏನೋ ಈರಣ್ಣಾ, ಯಾರ ಮನಿ ಸೊಸಿ ಆದಿ?” ಎಂದಳು. ಅಪ್ಪ ತಲೆ ಎತ್ತದೆ, “ನಮ್ಮವ್ವಂದ” ಎಂದ. ತಗಡಿಗೆ ಗಜ್ಜರಿ ಉಜ್ಜುವಾಗ ಅವನ ಬೆರಳೂ ಕೊಯ್ದಿತು. ಲೋಟವನ್ನು ಅವನು ಅವ್ವನ ಕೈಗೆ ಕೊಟ್ಟ. ಅವ್ವ ಆಯಿಗೆ ಕೊಟ್ಟಳು. ಆಯಿ ಒಂದು ಗುಟುಕು ಕುಡಿದು, “ಸಿಪ್ಪಿ ಗಂಟಲಿಗೆ ಸಿಗತಾವು. ಇನ್ನೊಮ್ಮಿ ಸೋಸು” ಎಂದು ಲೋಟ ತಿರುಗಿ ಕೊಟ್ಟಳು. ಅಪ್ಪ ಇನ್ನೊಮ್ಮೆ ಸೋಸಿದ.

ಅವತ್ತು ವಹಿ ಬಿಚ್ಚಿ ಕುಳಿತಾಗ, ಯಾರು ರುಬ್ಬಿದರು ಎಂಬುದನ್ನು ಬರೆಯಬೇಕು ಅನ್ನಿಸಿತು. ಅದಕ್ಕೆ ನನ್ನಲ್ಲಿ ಅಂಕಣವೇ ಇರಲಿಲ್ಲ. ಹಾಳೆಯ ಅಂಚಿನಲ್ಲಿ ಉಳಿದಿದ್ದ ಬಿಳಿಯ ಪಟ್ಟಿಗೆ ಒಂದು ಗೆರೆ ಹೊಡೆದು ‘ರುಬ್ಬಿದವರು’ ಎಂದು ತಲೆಬರಹ ಹಾಕಿ, ಅಪ್ಪ ಎಂದು ಬರೆದೆ. ಬರೆದ ಮೇಲೆ ಹಿಂದಿನ ಪುಟಗಳನ್ನು ತಿರುವಿದೆ. ಇಪ್ಪತ್ಮೂರು ದಿನ, ಗಜ್ಜರಿ ಎಷ್ಟು, ಸೌತೆ ಎಷ್ಟು, ಆಯಿ ಏನೆಂದಳು, ಎಲ್ಲ ಇತ್ತು. ಎಮ್ಮೆಗೆ ಗಷ್ಟು ಹಾಕಿದ್ದು ಕೂಡ ಇತ್ತು. ರುಬ್ಬಿದವರು ಇರಲಿಲ್ಲ. ಉಳಿದದ್ದು ಅರ್ಧ, ಉಳಿದದ್ದು ಕಾಲು ಎಂದು ಬರೆದಿದ್ದೆ. ಅದು ಎಲ್ಲಿ ಹೋಯಿತು ಎಂದು ಒಂದು ದಿನವೂ ನೋಡಿರಲಿಲ್ಲ. ಒಂದೊಂದು ಪುಟದ ಅಂಚಿನ ಪಟ್ಟಿಯನ್ನೂ ಎರಡು ಸೀಳಾಗಿ ಮಾಡಿ, ಉಳಿದದ್ದನ್ನು ಕುಡಿದವರಿಗಾಗಿ ಇನ್ನೊಂದು ಗೆರೆ ಹೊಡೆದೆ. ವಹಿ ತೆಗೆದುಕೊಂಡು ಅಡುಗೆಮನೆಗೆ ಹೋದೆ. ಅವ್ವ ತನ್ನ ಒಲೆಯ ಮುಂದೆ ಕುಳಿತಿದ್ದಳು.

“ಅವ್ವಾ, ಉಳದದ್ದು ಯಾವ್ಯಾವ ದಿನ ಕುಡದಿ?”

“ಉಳದ ದಿನ ಕುಡದೀನಿ. ಅದೇನು ಬರಕೋತಿ ಬಿಡು.”

“ನಾ ಓದತೀನಿ, ನೀ ಹೌದು ಅಲ್ಲ ಹೇಳು.”

ಓದಿದೆ. ಹನ್ನೊಂದು ದಿನ ರಸ ಉಳಿದಿತ್ತು. ಹನ್ನೊಂದು ಸಲವೂ ಅವ್ವ ಹಿಟ್ಟು ನಾದುತ್ತ “ಹ್ಞೂಂ” ಎಂದಳು. ಒಂದೊಂದರ ಮುಂದೂ ಅವಳ ಹೆಸರು ಬರೆದೆ, ಆಮೇಲೆ ರುಬ್ಬಿದವರ ಇಪ್ಪತ್ಮೂರು ಮನೆಗಳಲ್ಲಿ ಬರೆದೆ. ಅವ್ವ ಎಂದಲ್ಲ, ಬಸಮ್ಮ ಎಂದು. ಅವಳಿಗೆ ಓದಲು ಬರುತ್ತಿರಲಿಲ್ಲ. ಎಲ್ಲಿದೆ ತೋರಿಸು ಎಂದಳು. ತೋರಿಸಿದೆ. ಹಿಟ್ಟಿನ ಕೈ ಹಾಳೆಗೆ ತಾಕದಂತೆ ದೂರ ಹಿಡಿದು, ಬಗ್ಗಿ ನೋಡಿದಳು.

“ಇಷ್ಟು ಸಣ್ಣದೇನು?”

“ಜಾಗ ಬಿಟ್ಟಿರಲಿಲ್ಲವ್ವಾ” ಎಂದೆ.